ಕಾಲೇಜ್‌ವಿಲ್‌ನ ಶನಿವಾರಗಳು

ಮಿನಿಯಾಪೊಲಿಸ್‌ನಿಂದ 94ನೇ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೊರಟು ಸೇಂಟ್ ಕ್ಲೌಡ್ ದಾಟಿದರೆ, ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು ಕಾಡು ಎದುರಾಗುತ್ತದೆ. ಆ ಕಾಡಿನ ನೆತ್ತಿಯ ಮೇಲೆ ಕಾಂಕ್ರೀಟಿನ ಒಂದು ಬೃಹತ್ ಹಲಗೆ ನಿಂತಿದೆ. ಎತ್ತರ 112 ಅಡಿ. ಹಲಗೆಯಲ್ಲಿ ಕೊರೆದ ಕಿಂಡಿಗಳಲ್ಲಿ ಮರದ ಶಿಲುಬೆ, ಐದು ಗಂಟೆಗಳು. ಹಿಂದೆ ಆಕಾಶ ಬಿಟ್ಟರೆ ಇನ್ನೇನೂ ಇಲ್ಲ.

"ಮಾವ, ಅದೇ ನಮ್ಮ ಕಾಲೇಜು" ಎಂದ ಅಕ್ಕನ ಮಗ.

ನಾನು ಹೊರಟಿದ್ದು ಫುಟ್‌ಬಾಲ್ ನೋಡಲು, ಅದೂ ಹೆಲ್ಮೆಟ್ ಹಾಕಿಕೊಂಡು ಟಗರುಗಳಂತೆ ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ಬಂದು ನಿಂತಿದ್ದು ಮಠದ ಬಾಗಿಲಲ್ಲಿ. ಸೆಪ್ಟೆಂಬರಿನ ಆ ಬೆಳಿಗ್ಗೆಯಿಂದ ನವೆಂಬರಿನ ಚಳಿಯವರೆಗೆ ಎಷ್ಟು ಶನಿವಾರ ಸಾಧ್ಯವೋ ಅಷ್ಟು ಶನಿವಾರ ಆ ಹುಡುಗರ ಆಟದ ಹಿಂದೆಯೇ ಅಲೆದೆ.

ಆ ಕಾಲೇಜು, ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್, ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ ಜಾಗ. 1856ರಲ್ಲಿ ಅವರು ಈ ಸೀಮೆಗೆ ಬಂದದ್ದು ಜರ್ಮನ್ ವಲಸಿಗ ರೈತರ ನಡುವೆ ನೆಲೆಸಲು. ಮರುವರ್ಷವೇ ಶಾಲೆ ತೆರೆದರು. ಈಗಲೂ ಕಪ್ಪು ನಿಲುವಂಗಿಯವರು ಕ್ಯಾಂಪಸ್ಸಿನಲ್ಲಿ ನಡೆದಾಡುತ್ತಾರೆ, ಪಾಠ ಹೇಳುತ್ತಾರೆ, ತಮ್ಮದೇ ಕಾಡಿನ ಮರ ಕುಯ್ದು ಮೇಜು ಕುರ್ಚಿ ಮಾಡುತ್ತಾರೆ, ವಸಂತದಲ್ಲಿ ಮೇಪಲ್ ಮರಗಳಿಂದ ರಸ ಇಳಿಸಿ ಪಾಕ ಕಾಯಿಸುತ್ತಾರೆ. ನಲವತ್ತು ಕೊಡ ರಸ ಕುದಿಸಿದರೆ ಒಂದು ಕೊಡ ಪಾಕವಂತೆ. ಆಲೆಮನೆಯ ಹೊಗೆ ಕುಡಿದು ಬೆಳೆದ ನನಗೆ ಆ ತಾಳ್ಮೆಯ ಲೆಕ್ಕ ತಟ್ಟನೆ ಅರ್ಥವಾಯಿತು. ಹಂಗೆರಿ ಮೂಲದ ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್ ವಿನ್ಯಾಸ ಮಾಡಿದ ಚರ್ಚು 1961ರಲ್ಲಿ ಮುಗಿಯಿತು. ಅದರ ಉತ್ತರದ ಗೋಡೆಯೇ ಬಣ್ಣದ ಗಾಜಿನ ಒಂದು ಜೇನುಹಟ್ಟಿ. ಪಕ್ಕದ ಗ್ರಂಥಾಲಯದಲ್ಲಿ ಹೆಬ್ಬಾತಿನ ಗರಿಯಿಂದ ಕರುವಿನ ಚರ್ಮದ ಹಾಳೆಗಳ ಮೇಲೆ ಕೈಯಲ್ಲೇ ಬರೆಸಿದ ಬೈಬಲ್ ಇದೆ. 1998ರಲ್ಲಿ ಡೊನಾಲ್ಡ್ ಜಾಕ್ಸನ್ ಎಂಬ ಲಿಪಿಕಾರರಿಗೆ ಒಪ್ಪಿಸಿದ ಕೆಲಸ, ಮುಗಿದದ್ದು 2011ರಲ್ಲಿ. ಅವಸರವೆಂಬುದು ಇಲ್ಲಿನ ನೀರಿನಲ್ಲೇ ಇಲ್ಲ.

ಈ ಮಠದ ಬೆನ್ನಿಗೇ, ಬೋಗುಣಿಯಂಥ ತಗ್ಗಿನಲ್ಲಿ, ಕ್ಲೆಮೆನ್ಸ್ ಸ್ಟೇಡಿಯಂ. ಸುತ್ತ ಮರಗಳು. ಇಳಿಜಾರಿನಲ್ಲಿ ಕಂಬಳಿ ಹಾಸಿ ಕೂತ ಅಜ್ಜ ಅಜ್ಜಿಯರು, ಕೂಸುಗಳು, ನಾಯಿಗಳು. ಆಟಕ್ಕೆ ಮುಂಚೆ ಕೆಂಪು ಅಂಗಿಯ ಹುಡುಗರು ಮೈದಾನಕ್ಕೆ ಇಳಿಯತೊಡಗಿದರು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು.

"ಎಷ್ಟು ಜನರೋ ಇವರು?"

"ನೂರೆಂಬತ್ತರ ಹತ್ತಿರ ಮಾವ. ಒಂದು ಸಲಕ್ಕೆ ಆಡೋದು ಹನ್ನೊಂದೇ ಜನ. ಆದ್ರೆ ಬರ್ತೀನಿ ಅಂದೋರನ್ನ ಇಲ್ಲಿ ಬೇಡ ಅನ್ನಲ್ಲ."

"ಇವರಿಗೆಲ್ಲ ಸ್ಕಾಲರ್‌ಶಿಪ್ಪೋ?"

"ಒಬ್ಬನಿಗೂ ಇಲ್ಲ. ಸುಮ್ನೆ ಆಡ್ತಾರೆ."

ಆ 'ಸುಮ್ನೆ' ನನ್ನ ಕಿವಿಯಲ್ಲೇ ಉಳಿಯಿತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮೂರು ಅಂತಸ್ತುಗಳಿವೆ. ಮೊದಲನೆಯ ಡಿವಿಷನ್ನಿನ ದೊಡ್ಡ ವಿಶ್ವವಿದ್ಯಾಲಯಗಳ ಆಟಕ್ಕೆ ಲಕ್ಷ ಜನ ಸೇರುತ್ತಾರೆ, ಟಿವಿ ಹಣ ಹರಿಯುತ್ತದೆ, ಹುಡುಗರ ಕಣ್ಣು ವೃತ್ತಿಪರ ಲೀಗಿನ ಮೇಲಿರುತ್ತದೆ. 1973ರಲ್ಲಿ ಶುರುವಾದ ಮೂರನೆಯ ಡಿವಿಷನ್ನಿನಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಾಗಿದ್ದೂ ದೇಶದಾದ್ಯಂತ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಈ ಅಂತಸ್ತಿನಲ್ಲಿ ಫುಟ್‌ಬಾಲ್ ಆಡುತ್ತವೆ. ಹುಡುಗರು ಸೋಮವಾರ ಬೆಳಿಗ್ಗೆ ರಸಾಯನಶಾಸ್ತ್ರದ ಲ್ಯಾಬಿನಲ್ಲಿರಬೇಕು. ನಾಲ್ಕು ವರ್ಷ ಮುಗಿದರೆ ಹೆಚ್ಚುಕಡಿಮೆ ಎಲ್ಲರಿಗೂ ಹೆಲ್ಮೆಟ್ಟಿನ ಋಣ ತೀರಿತು.

ಆಟ ಅರ್ಥವಾಗಲು ನನಗೆ ಎರಡು ಶನಿವಾರ ಬೇಕಾಯಿತು. ನಾಲ್ಕು ಅವಕಾಶಗಳಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು; ಒಯ್ದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅಷ್ಟೆ. ನೂರು ಗಜದ ಮೈದಾನವನ್ನು ಒಂದೊಂದು ಮೊಳವಾಗಿ ಗೆಲ್ಲುವ ಆಟ. ಕಬಡ್ಡಿಯ ಉಸಿರಿನಂತೆ ಪ್ರತಿ ಅವಕಾಶವೂ ಕೆಲವೇ ಕ್ಷಣ. ಇದು ತಿಳಿದ ಮೇಲೆ, ಒಂದೇ ಗಜಕ್ಕಾಗಿ ಇಪ್ಪತ್ತೆರಡು ಜನ ರಾಶಿಯಾಗಿ ಬಿದ್ದಾಗ ಇಡೀ ಗುಡ್ಡ ಏಕೆ ಎದ್ದು ನಿಲ್ಲುತ್ತದೆ ಎಂಬುದೂ ತಿಳಿಯಿತು. ನಾನೂ ಎದ್ದು ನಿಂತೆ.

ಈ ತಗ್ಗಿಗೆ ಒಬ್ಬ ಹಿರಿಯರ ನೆರಳಿದೆ. ಜಾನ್ ಗ್ಯಾಗ್ಲಿಯಾರ್ಡಿ. ಕೊಲರಾಡೊದ ಟ್ರಿನಿಡಾಡ್ ಎಂಬ ಗಣಿ ಊರಿನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ 1926ರಲ್ಲಿ ಹುಟ್ಟಿದವರು. ಅವರು ಹೈಸ್ಕೂಲಿನಲ್ಲಿದ್ದಾಗ ಮಹಾಯುದ್ಧಕ್ಕೆ ಕರೆ ಬಂದು ಶಾಲೆಯ ಕೋಚ್ ಹೊರಟುಹೋದರು. ತಂಡವನ್ನೇ ಮುಚ್ಚುವ ಮಾತು ಬಂದಾಗ ನಾನು ನೋಡಿಕೊಳ್ಳುತ್ತೇನೆ ಎಂದು ಮುಂದೆ ನಿಂತ ಈ ಹುಡುಗನಿಗೆ ಆಗ ಹದಿನಾರು. ಕೋಚ್ ಆದ ಕೂಡಲೇ ಆತ ಮಾಡಿದ ಕೆಲಸವೆಂದರೆ ಹುಡುಗರಿಗೆ ಯಾವುದು ಯಾತನೆಯಾಗಿತ್ತೋ ಅದನ್ನೆಲ್ಲ ತೆಗೆದುಹಾಕಿದ್ದು. ಅಭ್ಯಾಸದ ವೇಳೆ ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆಂದು ದೊಡ್ಡವರು ನಂಬಿದ್ದ ಕಾಲ ಅದು. ಆತ ನೀರು ಕೊಟ್ಟ.

1953ರಲ್ಲಿ ಸೇಂಟ್ ಜಾನ್ಸ್‌ಗೆ ಬಂದವರು ಅರವತ್ತು ಸೀಸನ್ ಇಲ್ಲಿಂದ ಕದಲಲಿಲ್ಲ. ಅವರ ತರಬೇತಿ ಎಂದರೆ 'ಬೇಡ'ಗಳ ಒಂದು ದೊಡ್ಡ ಪಟ್ಟಿ. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದು ಬೇಡ. ಸೀಟಿ ಬೇಡ. ದಂಡ ಬಸ್ಕಿ ಬೇಡ. ಒಂದೂವರೆ ಗಂಟೆ ಮೀರಿ ಅಭ್ಯಾಸ ಬೇಡ. ಯಾರನ್ನೂ ತಂಡದಿಂದ ತೆಗೆಯುವುದು ಬೇಡ. ನನ್ನನ್ನು ಕೋಚ್ ಎನ್ನುವುದೂ ಬೇಡ, ಜಾನ್ ಎಂದರೆ ಸಾಕು. ಮೇಷ್ಟ್ರ ಹೆಸರನ್ನು ಬಾಯಲ್ಲಿ ಆಡಲೂ ಹಿಂಜರಿಯುತ್ತಿದ್ದ ನಮ್ಮ ಕಾಲದ ಹುಡುಗರು ಇದನ್ನು ಕೇಳಿದ್ದರೆ ಕಂಗಾಲಾಗುತ್ತಿದ್ದೆವು. ಅಭ್ಯಾಸಕ್ಕೆ ಮುಂಚೆ ಅವರ ಹುಡುಗರು ನೆಲದ ಮೇಲೆ ಅಂಗಾತ ಮಲಗಿ, ಆಕಾಶ ನೋಡಿ, ಪಕ್ಕದವನಿಗೆ ಎಷ್ಟು ಚೆನ್ನಾಗಿದೆ ಈ ದಿನ ಎಂದು ಹೇಳಬೇಕಿತ್ತು. ವ್ಯಾಯಾಮದ ಹೆಸರಿನಲ್ಲಿ ಮಾಡುತ್ತಿದ್ದದ್ದು ಅದನ್ನು!

ಇಷ್ಟು ಮೃದುವಾಗಿ ಬೆಳೆಸಿದ ಹುಡುಗರು ಶನಿವಾರದ ಡಿಕ್ಕಿಗಳಲ್ಲಿ ಪುಡಿಯಾಗಬೇಕಿತ್ತು. ಆದದ್ದೇ ಬೇರೆ. 2003ರ ನವೆಂಬರ್ 8ರಂದು ಬೆಥೆಲ್ ತಂಡದ ಎದುರು ಅವರು 409ನೇ ಗೆಲುವು ಪಡೆದು, ಗ್ರ್ಯಾಂಬ್ಲಿಂಗ್‌ನ ಕೋಚ್ ಎಡ್ಡಿ ರಾಬಿನ್ಸನ್‌ರ ಗೆಲುವಿನ ದಾಖಲೆಯನ್ನು ದಾಟಿದರು. ಅದೇ ವರ್ಷ ಡಿಸೆಂಬರಿನಲ್ಲಿ, ವರ್ಜೀನಿಯಾದ ಸೇಲಂನಲ್ಲಿ, ಸತತ 55 ಆಟ ಗೆದ್ದು ಬಂದಿದ್ದ ಓಹಾಯೊದ ಮೌಂಟ್ ಯೂನಿಯನ್ ತಂಡವನ್ನು 24–6ರಿಂದ ಸೋಲಿಸಿ ರಾಷ್ಟ್ರೀಯ ಪಟ್ಟ ಹೊತ್ತುತಂದರು. ಆಗ ಅವರಿಗೆ 77. ನಿವೃತ್ತರಾದಾಗ 86 ವರ್ಷ, 489 ಗೆಲುವು. ಯಾವ ಡಿವಿಷನ್ನಿನ ಯಾವ ಕೋಚ್ ಕೂಡ ಅಷ್ಟು ಗೆದ್ದಿರಲಿಲ್ಲ. 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ನನಗಂತೂ ಆ ಸಂಖ್ಯೆಗಿಂತ ಹದಿನಾರರ ಹುಡುಗ ಕೊಟ್ಟ ನೀರೇ ದೊಡ್ಡದಾಗಿ ಕಾಣುತ್ತದೆ. ಉಳಿದದ್ದೆಲ್ಲ ಅಲ್ಲಿಂದಲೇ ಹರಿದು ಬಂದದ್ದು.

ಈ ಜಾಗಕ್ಕೆ ಮರುಳಾದವನು ನಾನೊಬ್ಬನೇ ಅಲ್ಲ. ಆಸ್ಟಿನ್ ಮರ್ಫಿ ಎಂಬ ಕ್ರೀಡಾ ಬರಹಗಾರ, ದೊಡ್ಡ ಲೀಗುಗಳ ವರದಿ ಮಾಡಿ ದಣಿದು, 1999ರ ಇಡೀ ಸೀಸನ್ನನ್ನು ಹೆಂಡತಿ ಮಕ್ಕಳೊಡನೆ ಇಲ್ಲಿ ಕಳೆದು 'ದಿ ಸ್ವೀಟ್ ಸೀಸನ್' ಎಂಬ ಪುಸ್ತಕ ಬರೆದ. 2000ದಲ್ಲಿ ತಂಡ ಅಂತಿಮ ಪಂದ್ಯದವರೆಗೂ ಹೋಗಿ ಇದೇ ಮೌಂಟ್ ಯೂನಿಯನ್‌ಗೆ 10–7ರಿಂದ ಸೋತಿತ್ತು.

ಅಕ್ಟೋಬರ್ ಬಂತು. ಮೇಪಲ್ ಎಲೆಗಳು ಮೊದಲು ಅರಿಶಿನವಾದವು, ಆಮೇಲೆ ಕುಂಕುಮ. ಸಗಟಾಗನ್ ಕೆರೆಯ ನೀರಿನಲ್ಲಿ ದಡದ ಬಣ್ಣವೆಲ್ಲ ತಲೆಕೆಳಗಾಗಿ ನಿಂತಿತ್ತು. ನಾವು ಒಂದು ಶನಿವಾರ ದಕ್ಷಿಣಕ್ಕೆ, ನಾರ್ತ್‌ಫೀಲ್ಡ್‌ಗೆ ಹೋದೆವು. ಸೇಂಟ್ ಜಾನ್ಸ್ ಆಡುವ ಕಾಲೇಜುಗಳ ಕೂಟದ, ಅಂದರೆ ಕಾನ್ಫರೆನ್ಸಿನ, ಊರುಗಳನ್ನು ಸುತ್ತಿದರೆ ಮಿನ್ನೆಸೋಟದ ವಲಸೆಯ ಚರಿತ್ರೆಯನ್ನೇ ಸುತ್ತಿದಂತೆ: ಗಸ್ಟೇವಸ್ ಅಡಾಲ್ಫಸ್ ಸ್ವೀಡನ್ನಿನವರು ಕಟ್ಟಿದ್ದು, ಸೇಂಟ್ ಓಲಾಫ್ ನಾರ್ವೆಯವರದು, ನಮ್ಮದು ಜರ್ಮನ್ ಕ್ಯಾಥೊಲಿಕರ ಸೀಮೆಯದು. ಎರಡೇ ತಿಂಗಳಲ್ಲಿ 'ನಮ್ಮದು' ಎನ್ನತೊಡಗಿದ್ದೆ.

ನಾರ್ತ್‌ಫೀಲ್ಡ್ ಸಣ್ಣ ಊರು. ನದಿಯ ಆಚೆ ಈಚೆ ಎರಡು ಕಾಲೇಜು, ಕಾರ್ಲ್ಟನ್ ಮತ್ತು ಸೇಂಟ್ ಓಲಾಫ್. 1977ರಲ್ಲಿ ಅಮೆರಿಕ ಮೆಟ್ರಿಕ್ ಪದ್ಧತಿಗೆ ಬದಲಾಗುವ ಮಾತು ಜೋರಾಗಿದ್ದಾಗ ಇವೆರಡೂ ಸೇರಿ ಒಂದು ಆಟವನ್ನು ಮೀಟರಿನಲ್ಲೇ ಆಡಿದವು. ನೂರು ಗಜದ ಬದಲು ನೂರು ಮೀಟರ್ ಮೈದಾನ, ಹತ್ತು ಗಜದ ಬದಲು ಹತ್ತು ಮೀಟರ್. ಹೆಸರು ಲೀಟರ್ ಬೌಲ್. ಸೇಂಟ್ ಓಲಾಫ್ 43–0ರಿಂದ ಗೆದ್ದಿತು, ದೇಶ ಮಾತ್ರ ಗಜವನ್ನು ಬಿಡಲಿಲ್ಲ. ಒಂದು ದೇಶದ ಅಳತೆಗೋಲನ್ನು ಶನಿವಾರದ ಮಧ್ಯಾಹ್ನದ ಆಟದಲ್ಲಿ ಪರೀಕ್ಷಿಸಿ ನೋಡಿದ ಆ ಉತ್ಸಾಹವನ್ನು ನೆನೆದು, ನದಿಯ ದಂಡೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಕಾಲೇಜ್‌ವಿಲ್‌ಗೆ ಮರಳಿದರೆ, ಅಲ್ಲಿನವರ ಬಾಯಲ್ಲಿ ಒಂದು ನೋವೂ ಇದೆ. ಸೇಂಟ್ ಪಾಲ್ ನಗರದ ಸೇಂಟ್ ಥಾಮಸ್ ಕಾಲೇಜು ಸೇಂಟ್ ಜಾನ್ಸ್‌ನ ನೂರು ವರ್ಷದ ಜೋಡಿ. 1901ರಿಂದ ಆಡಿದ ಹಗೆತನ, ನೆಂಟಸ್ತನವೆಂದರೂ ನಡೆದೀತು. 2017ರಲ್ಲಿ ಇವರಿಬ್ಬರ ಆಟವನ್ನು ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಮೈದಾನದಲ್ಲಿ ಇಟ್ಟಾಗ 37,355 ಜನ ಬಂದರು. ಮೂರನೆಯ ಡಿವಿಷನ್ ಅಷ್ಟು ಜನರನ್ನು ಅದುವರೆಗೆ ಕಂಡಿರಲಿಲ್ಲ. ಆದರೆ ಸೇಂಟ್ ಥಾಮಸ್ ಉಳಿದವರ ಕೈಗೆಟುಕದಷ್ಟು ಬೆಳೆದಿತ್ತು. 2019ರಲ್ಲಿ ಕಾನ್ಫರೆನ್ಸ್ ಅದನ್ನು ಹೊರಗಿಡಲು ತೀರ್ಮಾನಿಸಿತು, 2021ರಲ್ಲಿ ಅದು ನೇರವಾಗಿ ಮೊದಲ ಡಿವಿಷನ್ನಿಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಕ್ಯಾಲೆಂಡರಿನ ಆ ಶನಿವಾರ ಈಗ ಬರಿದೋ ಬರಿದು ಎಂದು ಹೇಳಿ ಕೈ ಚೆಲ್ಲಿದರು.

ನವೆಂಬರಿನ ನಡುಭಾಗ. ಎಲೆಗಳೆಲ್ಲ ಉದುರಿ ಕಾಡು ಕಡ್ಡಿಯಾಗಿತ್ತು. ಹತ್ತು ಆಟಗಳ ಸರಣಿಯಲ್ಲಿ ಮನೆಯಂಗಳದ ಕೊನೆಯ ಆಟ. ನಾಲ್ಕನೆಯ ವರ್ಷದ ಹುಡುಗರು ಅಪ್ಪ ಅಮ್ಮಂದಿರ ಕೈ ಹಿಡಿದು ಮೈದಾನದ ನಡುವಿಗೆ ನಡೆದರು. ಅವರಲ್ಲಿ ನಾಲ್ಕು ವರ್ಷದಲ್ಲಿ ಆಟಕ್ಕೆ ಇಳಿದದ್ದೇ ಅಪರೂಪವಾದ ಎಷ್ಟೋ ಮಂದಿ ಇದ್ದರು. ಎಲ್ಲರಿಗೂ ಒಂದೇ ಚಪ್ಪಾಳೆ. ಅಕ್ಕನ ಮಗನ ರೂಮಿನ ಗೆಳೆಯ ಅಂಥವನೊಬ್ಬ. ಕೊನೆಯ ಐದು ನಿಮಿಷವಿದ್ದಾಗ ಅವನನ್ನು ಒಳಗೆ ಕರೆದರು. ಓಡಿ ಬಂದ, ಎದುರಾಳಿಗೆ ಅಡ್ಡ ನಿಂತ, ಬಿದ್ದ, ಎದ್ದ. ಚೆಂಡು ಅವನ ಹತ್ತಿರವೂ ಸುಳಿಯಲಿಲ್ಲ. ಗುಡ್ಡದ ಮೇಲಿಂದ ಅವನ ಹೆಸರು ಹಿಡಿದು ಕೂಗಿದವರನ್ನು ಎಣಿಸಲಾಗಲಿಲ್ಲ.

ಆಟ ಮುಗಿದು ಜನ ಚದುರಿದರು. ನಾಲ್ಕೂವರೆಗೇ ಕತ್ತಲು ಇಳಿಯುತ್ತಿತ್ತು. ಮಠದವರ ಹೆಸರಾಂತ ಕಂದು ಬ್ರೆಡ್ಡನ್ನು ಅಂಗಡಿಯಲ್ಲಿ ಕೊಂಡು ಕಾರಿನ ಹತ್ತಿರ ಬಂದೆವು.

"ನಿನ್ನ ಗೆಳೆಯ ಬರಲ್ವೇನೋ?" ಎಂದೆ.

"ಸ್ವಲ್ಪ ತಡಿ ಮಾವ."

ಕೆಳಗೆ, ಖಾಲಿ ಮೈದಾನದ ನಡುವೆ, ಕೆಂಪು ಅಂಗಿಯ ಏಳೆಂಟು ಹುಡುಗರು ಅಂಗಾತ ಮಲಗಿದ್ದರು. ಹೆಲ್ಮೆಟ್ಟುಗಳು ಪಕ್ಕದಲ್ಲಿ. ಮೇಲೆ ಗಂಟೆ ಹೊಡೆಯತೊಡಗಿತು, ಸನ್ಯಾಸಿಗಳ ಸಂಜೆಯ ಪ್ರಾರ್ಥನೆಗೆ. ನಾವು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು, ಅವರು ಏಳುವವರೆಗೂ ಆ ಚಳಿಯಲ್ಲಿ ಸುಮ್ಮನೆ ನಿಂತೆವು.