ಶಿಬುಯಾದ ಗೋಡೆ, ನ್ಯೂ ಆಮ್‌ಸ್ಟರ್‌ಡ್ಯಾಮ್‌ನ ಕಂಬಿ

ಟೋಕಿಯೊದ ಶಿಬುಯಾ ರೈಲು ನಿಲ್ದಾಣದಿಂದ ಹೊರಬಂದರೆ ಎದುರಾಗುವುದು ಒಂದು ನಾಯಿಯ ಕಂಚಿನ ಪ್ರತಿಮೆ. ತೀರಿಕೊಂಡ ಯಜಮಾನನಿಗಾಗಿ ವರ್ಷಗಟ್ಟಲೆ ಇದೇ ನಿಲ್ದಾಣದಲ್ಲಿ ಕಾದ ಹಾಚಿಕೊ ಅದು. ಅದರಾಚೆ ಪ್ರಸಿದ್ಧ ಅಡ್ಡರಸ್ತೆ. ದೀಪ ಹಸಿರಾಗುತ್ತಲೇ ಎಲ್ಲ ದಿಕ್ಕುಗಳಿಂದಲೂ ಜನ ಒಮ್ಮೆಗೇ ರಸ್ತೆಗಿಳಿಯುತ್ತಾರೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.

ಶಿಬುಯಾ ಎಂಬ ಹೆಸರಿನ ಕೊನೆಯ 'ಯಾ' ಎಂದರೆ ಕಣಿವೆ. ಊರಿನ ರಸ್ತೆಗಳೆಲ್ಲ ನಿಲ್ದಾಣದತ್ತ ಇಳಿಯುತ್ತವೆ. ನೆಲದಡಿಯಲ್ಲಿ ಓಡಿಬರುವ ಗಿಂಜಾ ಮಾರ್ಗದ ರೈಲು ಇಲ್ಲಿಗೆ ಬರುವಷ್ಟರಲ್ಲಿ ನೆಲಕ್ಕಿಂತ ಎತ್ತರದ ಪ್ಲಾಟ್‌ಫಾರಂ ಸೇರಿರುತ್ತದೆ. ರೈಲು ಮೇಲೇರಿದ್ದಲ್ಲ, ನೆಲವೇ ಕೆಳಗಿಳಿದದ್ದು! ಇಳಿಜಾರು ಇದ್ದಲ್ಲಿ ಚಕ್ರಕ್ಕೆ ಕೆಲಸ ಸುಲಭ. ಎತ್ತರದಲ್ಲಿದ್ದಾಗಿನ ಶಕ್ತಿ ಇಳಿಯುತ್ತ ವೇಗವಾಗಿ ಬದಲಾಗುತ್ತದೆ. ಚಕ್ರದ ಬೂಟು ತೊಟ್ಟ ಹುಡುಗರ ಕಥೆಗೆ ಇಂಥ ಊರು ಹೇಳಿ ಮಾಡಿಸಿದಂತಿದೆ.

ಆ ಕಥೆ 2000ದ ಜೂನ್‌ನಲ್ಲಿ ಬಂತು. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಯಂತ್ರಕ್ಕಾಗಿ ಸ್ಮೈಲ್‌ಬಿಟ್ ತಂಡ ರೂಪಿಸಿದ 'ಜೆಟ್ ಸೆಟ್ ರೇಡಿಯೊ' ಎಂಬ ವಿಡಿಯೊ ಆಟ ಅದು. ಅದರ ಕಲ್ಪಿತ ಊರು 'ಟೋಕಿಯೊ-ಟೊ'. ಅಲ್ಲಿ ಹಗಲು ಬೆಳಕಿನ ಶಿಬುಯಾ-ಚೊ, ಇರುಳ ದೀಪಗಳ ಬೆಂಟೆನ್-ಚೊ, ಸಂಜೆಗೆಂಪಿನ ಕೊಗಾನೆ-ಚೊ ಎಂಬ ಮೂರು ಬಡಾವಣೆಗಳು. ಹುಡುಗರು ಮೆಟ್ಟಿಲುಗಳ ಕಂಬಿಗಳ ಮೇಲೆ ಜಾರುತ್ತ ಗೋಡೆಗಳಿಗೆ ಬಣ್ಣದ ಗ್ರಾಫಿಟಿ ಬಳಿಯುತ್ತಾರೆ. ಪೊಲೀಸರು ಬೆನ್ನಟ್ಟುತ್ತಾರೆ. ಹಿನ್ನೆಲೆಯಲ್ಲಿ ಹಿಡೆಕಿ ನಗನುಮಾ ಅವರ ಕುಣಿಸುವ ಸಂಗೀತ.

ಆಟ ಕಣ್ಸೆಳೆದದ್ದು ಅದರ ಚಿತ್ರಶೈಲಿಯಿಂದ. ದುಂಡಗಿನ ವಸ್ತುವಿನ ಮೇಲೆ ಬೆಳಕು ಬಿದ್ದಾಗ ನೆರಳು ಸ್ವಲ್ಪಸ್ವಲ್ಪವಾಗಿ ಗಾಢವಾಗುತ್ತ ಹೋಗುತ್ತದೆ. ಇಲ್ಲಿ ಕಂಪ್ಯೂಟರು ಆ ಏರಿಳಿತವನ್ನು ಎರಡು ಮೂರು ಮೆಟ್ಟಿಲುಗಳಾಗಿ ಕತ್ತರಿಸಿ, ಅಂಚಿಗೆ ಕಪ್ಪು ಗೆರೆ ಎಳೆಯುತ್ತದೆ. ಕೈಯಲ್ಲಿ ಬರೆದ ಕಾರ್ಟೂನೇ ಎದ್ದು ಓಡಿದಂತೆ ಕಾಣುತ್ತದೆ. 'ಸೆಲ್ ಶೇಡಿಂಗ್' ಎಂಬ ಈ ತಂತ್ರವನ್ನು ಬಳಸಿದ ಮೊದಲ ಆಟಗಳಲ್ಲಿ ಇದೂ ಒಂದು.

ಚೆಲುವಿದ್ದರೂ ಆಟದಲ್ಲಿ ಕುಂದುಗಳಿದ್ದವು. ತಲೆಯ ಮೇಲೆ ಸದಾ ಗಡಿಯಾರ ಓಡುತ್ತಿತ್ತು. ಎತ್ತರದ ಕಂಬಿಯೊಂದನ್ನು ತಪ್ಪಿಸಿಕೊಂಡರೆ ಮತ್ತೆ ಹತ್ತುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ದೊಡ್ಡ ಚಿತ್ರ ಬಳಿಯಲು ನಿಂತಲ್ಲೇ ನಿಂತು, ಬಾಣದ ಗುರುತಿನಂತೆ ಕೋಲು ತಿರುಗಿಸಬೇಕು. 2002ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ 'ಜೆಟ್ ಸೆಟ್ ರೇಡಿಯೊ ಫ್ಯೂಚರ್' ಗಡಿಯಾರವನ್ನು ಕಿತ್ತುಹಾಕಿ ವೇಗ ಹೆಚ್ಚಿಸಿತು. ಆದರೆ ಚಿತ್ರ ಬಳಿಯುವುದು ಗುಂಡಿ ಒತ್ತಿದಷ್ಟು ಸಲೀಸಾಗಿ, ಕೈಚಳಕಕ್ಕೆ ಕೆಲಸವಿಲ್ಲದಂತಾಯಿತು. ಆಮೇಲೆ ಎರಡು ದಶಕ ಈ ಸರಣಿಯಲ್ಲಿ ಹೊಸ ಆಟವೇ ಬರಲಿಲ್ಲ.

ಕೊನೆಗೆ ದಾರಿ ಮುಂದುವರಿಸಿದವರು ಜಪಾನಿನವರಲ್ಲ, ನೆದರ್ಲೆಂಡ್ಸ್‌ನ ಟೀಮ್ ರೆಪ್ಟೈಲ್ ಎಂಬ ಸಣ್ಣ ತಂಡದವರು. 2023ರ ಆಗಸ್ಟ್‌ನಲ್ಲಿ ಬಂದ ಅವರ 'ಬಾಂಬ್ ರಷ್ ಸೈಬರ್‌ಫಂಕ್' ಆಟದ ಊರು ನ್ಯೂ ಆಮ್‌ಸ್ಟರ್‌ಡ್ಯಾಮ್. ಇತಿಹಾಸ ಓದಿದ ವಿದ್ಯಾರ್ಥಿಗಳಿಗೆ ಹೆಸರಿನ ಗುಟ್ಟು ಹೊಳೆಯುತ್ತದೆ. 1664ರಲ್ಲಿ ಇಂಗ್ಲಿಷರ ವಶವಾಗುವ ಮುನ್ನ, ಡಚ್ಚರ ಕಾಲದಲ್ಲಿ ನ್ಯೂಯಾರ್ಕಿಗಿದ್ದ ಹೆಸರೇ ಅದು. 1970ರ ದಶಕದಲ್ಲಿ ಸುರಂಗ ರೈಲಿನ ಬೋಗಿಗಳ ಮೇಲೆ ಗ್ರಾಫಿಟಿ ಹುಲುಸಾಗಿ ಬೆಳೆದದ್ದೂ ಆ ನ್ಯೂಯಾರ್ಕಿನಲ್ಲೇ. ಬಣ್ಣ ಬಳಿದ ಬೋಗಿಗಳನ್ನು ಅಲ್ಲಿ ಪೂರ್ತಿ ಹಿಂತೆಗೆದದ್ದು 1989ರ ಮೇ ತಿಂಗಳಲ್ಲಿ. ಆಟದ ಬಡಾವಣೆಯೊಂದರ ಹೆಸರು 'ವರ್ಸಮ್ ಹಿಲ್'. ಪದಗಳನ್ನು ಹಿಂದುಮುಂದು ಮಾಡಿದರೆ ನೆದರ್ಲೆಂಡ್ಸ್‌ನ ಹಿಲ್ವರ್ಸಮ್ ಊರು ಸಿಗುತ್ತದೆ.

ಶಿಷ್ಯ ಗುರುವನ್ನು ಮೀರಿಸಿದ್ದು ಎಲ್ಲಿ? ಇಲ್ಲಿ ಚಕ್ರದ ಬೂಟಿನ ಜೊತೆಗೆ ಸ್ಕೇಟ್‌ಬೋರ್ಡ್, ಬಿಎಂಎಕ್ಸ್ ಸೈಕಲ್ಲುಗಳೂ ಇವೆ. ಬೆನ್ನಿಗೆ ಮುನ್ನುಗ್ಗಿಸುವ ಯಂತ್ರವಿದೆ. ಕಂಬಿ ಮುಗಿದು ನೆಲಕ್ಕಿಳಿದರೂ ಜಾರುತ್ತ ಸಾಗಿ ಕಸರತ್ತಿನ ಸರಪಳಿಯನ್ನು ತುಂಡಾಗದಂತೆ ಉಳಿಸಿಕೊಳ್ಳಬಹುದು. ಹೀಗೆ ನೆಲದ ಮೇಲೂ ಸರಪಳಿ ಬೆಸೆಯುವ ಉಪಾಯ 2000ದ 'ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2' ಆಟದಲ್ಲೇ ಇತ್ತು. ಕಂಬಿಯ ತಿರುವಿನಲ್ಲಿ ಸರಿಯಾದ ಕಡೆಗೆ ಬಾಗಿದವನಿಗೆ ಹೆಚ್ಚಿನ ಅಂಕ. ಬಾಗುವುದೇಕೆಂದು ಸೈಕಲ್ ಹೊಡೆಯುವ ಪ್ರತಿ ಮಗುವಿಗೂ ಗೊತ್ತು. ಗೋಡೆಯ ಮುಂದೆ ನಿಂತಾಗ ಕೆಲವು ಚುಕ್ಕೆಗಳು ಮೂಡುತ್ತವೆ. ಅವನ್ನು ಯಾವ ಕ್ರಮದಲ್ಲಿ ಸೇರಿಸುತ್ತೇವೋ ಅದರಂತೆ ಚಿತ್ರ. ನಮ್ಮ ಅಂಗಳದ ಚುಕ್ಕಿ ರಂಗೋಲಿಯ ನೆನಪಾಗದೆ ಇರದು. ಹಳೆಯ ಆಟದ ನಗನುಮಾ ಅವರೂ ಇದಕ್ಕೆ ಹಾಡು ಕಟ್ಟಿಕೊಟ್ಟಿದ್ದಾರೆ. ಪೊಲೀಸರ ಕಾಟ ಹೆಚ್ಚಾದಾಗ ಸಾರ್ವಜನಿಕ ಶೌಚಾಲಯಕ್ಕೆ ನುಗ್ಗಿ, ಬಟ್ಟೆ ಬದಲಿಸಿಕೊಂಡು ಹೊರಬರುವ ಉಪಾಯ ನಗೆ ಬರಿಸುತ್ತದೆ. ಪೊಲೀಸರೊಡನೆ ಹೊಡೆದಾಟ ಮಾತ್ರ ಸಪ್ಪೆ. ಗುರುವಿನ ಋಣ ಎಷ್ಟು ಎದ್ದು ಕಾಣುತ್ತದೆಂದರೆ ಕೆಲವೆಡೆ ಅದು ನಕಲಿನಂತೆಯೇ ತೋರುತ್ತದೆ.

ಇಷ್ಟೆಲ್ಲ ಓದಿದ ತಂದೆತಾಯಂದಿರಿಗೆ ಒಂದು ಆತಂಕ ಸಹಜ. ಗೋಡೆ ಕೆಡಿಸುವುದನ್ನು ಮಕ್ಕಳಿಗೆ ಕಲಿಸಿಕೊಟ್ಟಂತಾಗದೆ? ಗ್ರಾಫಿಟಿ ಕಲೆಯಾದರೂ ಪರರ ಆಸ್ತಿ ಹಾಳುಮಾಡುವುದು ಅಪರಾಧವೆಂಬ ಎಚ್ಚರಿಕೆ ಹಳೆಯ ಆಟದ ಆರಂಭದಲ್ಲೇ ಇತ್ತು. ಜಪಾನಿನಲ್ಲಿ ವಾಹನ ಸಂಚಾರ ದಟ್ಟವಾಗಿರುವ ರಸ್ತೆಯಲ್ಲಿ ಚಕ್ರದ ಬೂಟು ತೊಟ್ಟು ಆಡುವುದಕ್ಕೂ ಕಾನೂನಿನ ಅಡ್ಡಿಯಿದೆ. ಇನ್ನೊಂದು ವ್ಯತ್ಯಾಸವನ್ನು ಮಕ್ಕಳೇ ಗಮನಿಸಬೇಕು. ಆಟದಲ್ಲಿ ಘರ್ಷಣೆ ಲೆಕ್ಕಕ್ಕಿಲ್ಲ, ಕಂಬಿಯ ಮೇಲೆ ಕೆಳಗಿನಿಂದ ಮೇಲಕ್ಕೂ ಜಾರಬಹುದು! ನಿಜವಾದ ಕಾಂಕ್ರೀಟಿಗೆ ಇಂಥ ದಾಕ್ಷಿಣ್ಯವಿಲ್ಲ.

ಹಾಗೆಂದು ಬೇಡ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಸಾಕೆ? ಶಿಬುಯಾದ ಮಿಯಾಶಿತಾ ಉದ್ಯಾನ 2020ರಲ್ಲಿ ಮಳಿಗೆಗಳ ಕಟ್ಟಡದ ಮೇಲ್ಛಾವಣಿಯಲ್ಲಿ ಹೊಸದಾಗಿ ತೆರೆದಾಗ ಅಲ್ಲಿ ಸ್ಕೇಟಿಂಗಿಗೂ ಜಾಗ ಇತ್ತು. ಮರುವರ್ಷ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿ ಸೇರಿತು. 'ಸ್ಟ್ರೀಟ್' ವಿಭಾಗದ ಎರಡೂ ಚಿನ್ನ ಜಪಾನಿನ ಪಾಲಾದವು. ಹುಡುಗರಲ್ಲಿ ಗೆದ್ದ ಯುಟೊ ಹೊರಿಗೊಮೆ, ಸ್ಪರ್ಧೆ ನಡೆದ ಟೋಕಿಯೊದ ಕೊಟೊ ವಿಭಾಗದಲ್ಲೇ ಹುಟ್ಟಿದವರು. ಹುಡುಗಿಯರಲ್ಲಿ ಗೆದ್ದ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಆ ಮೆಟ್ಟಿಲು, ಆ ಕಂಬಿಗಳು ರಸ್ತೆಯ ಮೆಟ್ಟಿಲು ಕಂಬಿಗಳ ಪಡಿಯಚ್ಚೇ. ಹುಡುಗಾಟಿಕೆ ಎನಿಸಿಕೊಂಡದ್ದಕ್ಕೆ ಒಂದು ಅಂಗಳ ಸಿಕ್ಕಿತು, ಅಷ್ಟೆ.

ಸೆಗಾ ಕಂಪನಿಯೂ ಹೊಸ ಜೆಟ್ ಸೆಟ್ ರೇಡಿಯೊ ತಯಾರಿಸುವುದಾಗಿ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆದರೆ 2000ದ ಶಿಬುಯಾ ನೆಲದ ಮೇಲೆ ಉಳಿದಿಲ್ಲ. 2013ರಲ್ಲಿ ಅಲ್ಲಿನ ಟೊಯೊಕೊ ಮಾರ್ಗದ ನಿಲ್ದಾಣ ನೆಲದಡಿಗೆ ಹೋಯಿತು, 2020ರಲ್ಲಿ ಗಿಂಜಾ ಮಾರ್ಗದ ಪ್ಲಾಟ್‌ಫಾರಂ ಜಾಗ ಬದಲಿಸಿತು. ಊರು ಬದಲಾದಂತೆಲ್ಲ ಹುಡುಗರು ಕೇಳುವ ಪ್ರಶ್ನೆ ಮಾತ್ರ ಒಂದೇ: ನಾವು ಎಲ್ಲಿ ಓಡೋಣ? ಉತ್ತರ ಹಿರಿಯರ ಕೈಯಲ್ಲಿದೆ. ಮೈದಾನದಲ್ಲಿ ಜಾಗ ಸಿಗದ ಮಗು ತೆರೆಯ ಮೇಲೆ ಊರು ಹುಡುಕಿಕೊಂಡರೆ ತಪ್ಪು ಆಟದ್ದೊಂದೇ ಅಲ್ಲ.