ಚಳಿಗಾಲದ ನಡಿಗೆ, ಚಳಿಗಾಲದ ಹಸಿವು

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಚಳಿಯೆಂದರೆ ಎರಡೂವರೆ ತಿಂಗಳ ಮಾತು. ಉಳಿದದ್ದೆಲ್ಲ ಬಿಸಿಲು. ಅದಕ್ಕೇ ವರ್ಷವಿಡೀ ಹಾಸಿಗೆ ಬಿಡದವರೂ ಡಿಸೆಂಬರ್ ಬಂದರೆ ಮಫ್ಲರ್ ಸುತ್ತಿಕೊಂಡು ನಡೆಯಲು ಹೊರಡುತ್ತಾರೆ. ರಬಕವಿ-ಬನಹಟ್ಟಿಯ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಐವತ್ತು ದಾಟಿದ ನೇಕಾರರು. ದಿನವಿಡೀ ಮಗ್ಗದ ಮುಂದೆ ಬದುಕು, ಅರ್ಧ ಜನರಿಗೆ ಸಕ್ಕರೆ ಕಾಯಿಲೆ. ವೈದ್ಯರು ನಡೆಯಿರಿ ಎಂದಿದ್ದಾರೆ, ನಡೆಯುತ್ತೇವೆ. ದಾರಿಯ ಕೊನೆಗೆ ಮಿರ್ಚಿ ಭಜಿಯ ವಾಸನೆ ಬಂದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟು ನಡದೀವಿ, ಎರಡು ತಿಂದ್ರ ಏನಾಗತೈತ್ರಿ?"

ಬೇಸಿಗೆಯಲ್ಲಿ ಇದೇ ದೂರ ನಡೆದರೆ ಯಾರೂ ಭಜಿ ಕೇಳುವುದಿಲ್ಲ, ನೀರು ಕೇಳುತ್ತಾರೆ. ಇದು ಬರೀ ನಾಲಿಗೆಯ ಚಪಲವಲ್ಲ. ವ್ಯಾಯಾಮದಿಂದ ಮೈ ಕಾದಾಗ ಹಸಿವು ಸ್ವಲ್ಪ ಹೊತ್ತು ಅಡಗುತ್ತದೆ. ಚಳಿ ಆ ಕಾವನ್ನೇ ಕಿತ್ತುಕೊಳ್ಳುತ್ತದೆ. ಬಾವಿಯಲ್ಲಿ ಈಸಿ ಬಂದ ಹುಡುಗರನ್ನು ನೋಡಿ, ತಲೆ ಒರೆಸಿಕೊಳ್ಳುವ ಮೊದಲೇ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಾರೆ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಅಳೆದಿದೆ. 11 ಯುವಕರು ನೀರಿನೊಳಗೆ 45 ನಿಮಿಷ ಸೈಕಲ್ ತುಳಿದರು. ಒಮ್ಮೆ 33 ಡಿಗ್ರಿಯ ನೀರು, ಇನ್ನೊಮ್ಮೆ 20 ಡಿಗ್ರಿಯದು. ಎರಡು ಸಲವೂ ಖರ್ಚಾದ ಶಕ್ತಿ ಹೆಚ್ಚುಕಡಿಮೆ ಒಂದೇ, ಸುಮಾರು 500 ಕ್ಯಾಲರಿ. ಬಳಿಕ ಬೇಕಾದಷ್ಟು ತಿನ್ನಲು ಬಿಟ್ಟಾಗ ಬೆಚ್ಚಗಿನ ನೀರಿನಿಂದ ಬಂದವರು ಸರಾಸರಿ 608 ಕ್ಯಾಲರಿ ತಿಂದರು. ತಣ್ಣೀರಿನಿಂದ ಬಂದಾಗ ಅವರೇ 877 ಕ್ಯಾಲರಿ ತಿಂದರು!

ನೀರಿನ ಚಳಿ ಬೇರೆ, ನಮ್ಮ ಜನವರಿಯ ಗಾಳಿಯ ಚಳಿ ಬೇರೆ, ನಿಜ. ಗಾಳಿಗಿಂತ ನೀರು ಮೈಯ ಶಾಖವನ್ನು ಬಹಳ ಬೇಗ ಎಳೆಯುತ್ತದೆ. ಆದರೂ ಮುಕ್ಕಾಲು ಗಂಟೆಯ ನಡಿಗೆಗೆ ಖರ್ಚಾಗುವುದು ಸುಮಾರು 200 ಕ್ಯಾಲರಿ. ಒಂದು ತಟ್ಟೆ ಭಜಿ ಅದನ್ನು ಸಲೀಸಾಗಿ ಮರಳಿ ತುಂಬುತ್ತದೆ.

ಗರಡಿಯಲ್ಲಿ ನಸುಕಿಗೇ ದಂಡ, ಬೈಠಕ್ ಹೊಡೆದು ಬಾದಾಮಿ ಹಾಲು ಕುಡಿಯುವ ಪೈಲ್ವಾನರ ಮಾತು ಬೇರೆ. ಮುಧೋಳದ ಹೊಲಗಳಲ್ಲಿ ಇಬ್ಬನಿಯಲ್ಲೇ ಕಬ್ಬು ಕಡಿಯುವವರಿಗೆ ಬುತ್ತಿಯ ಲೆಕ್ಕ ಹೇಳುವ ಅಧಿಕಾರವಂತೂ ನಮಗಿಲ್ಲ. ಅವರ ಹಸಿವು ದುಡಿಮೆಯದು. ಲೆಕ್ಕ ಬೇಕಾದದ್ದು ಕುಳಿತು, ನಿಂತು ದಿನ ಕಳೆಯುವ ನಮ್ಮಂಥವರಿಗೆ.

ಹಾಗೆಂದು ಹಸಿವನ್ನು ಬಲವಂತವಾಗಿ ಅದುಮಿಡಬೇಕಿಲ್ಲ. ಚಳಿಯಲ್ಲಿ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಮೊದಲು ಒಂದು ಲೋಟ ಬಿಸಿನೀರು ಕುಡಿಯಬೇಕು. ಮೈ ಬೆಚ್ಚಗಾದ ಮೇಲೆ ಮನೆಯ ರೊಟ್ಟಿ, ಪಲ್ಯ, ಕಾಳು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಕಾಯುವಂತಿಲ್ಲ. ನಡೆದ ಮೇಲೆ ಕೈ ನಡುಗಿ ಬೆವರು ಬಂದರೆ ಅದು ಚಳಿಯಲ್ಲ, ಸಕ್ಕರೆ ಇಳಿದಿರಬಹುದು. ಅವರ ಜೇಬಿನಲ್ಲಿ ಬೆಲ್ಲದ ಚೂರೊಂದು ಇರಲೇಬೇಕು.