ಕಮಲಾಪುರದ ಕೆಂಪು ಬಾಳೆ

ಸಹೋದರಿಯರೇ, ಕಲಬುರಗಿಯಲ್ಲಿ ರೈಲಿಳಿದು ಸ್ಟೇಶನ್ ಬಜಾರಕ್ಕೆ ಬಂದಾಗ ಕೆಂಪು ಬಾಳೆಹಣ್ಣು ಕಂಡರೆ, ದರ ಕೇಳುವ ಮೊದಲು ಊರು ಕೇಳಿರಿ. ಕಮಲಾಪುರದ್ದು ಎಂದೇ ಹೇಳಿಯಾರು. ಆದರೆ ಕೆಂಪು ಸಿಪ್ಪೆಯದ್ದೆಲ್ಲ ಕಮಲಾಪುರದ್ದಲ್ಲ. ಕೇರಳ, ತಮಿಳುನಾಡುಗಳಲ್ಲೂ ಕೆಂಪು ಬಾಳೆ ಬೆಳೆಯುತ್ತಾರೆ.

ಕಮಲಾಪುರವಿರುವುದು ಹುಮನಾಬಾದ್ ರಸ್ತೆಯಲ್ಲಿ, ನಗರದಿಂದ ಸುಮಾರು 35 ಕಿ.ಮೀ. ದೂರದಲ್ಲಿ. ಸಾಮಾನ್ಯ ಬಾಳೆ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಕೈಗೆ ಬಂದರೆ, ಇಲ್ಲಿನ ಕೆಂಪು ಬಾಳೆಯ ಗೊನೆ ಕೊಯ್ಯಲು ಸುಮಾರು ಒಂದೂವರೆ ವರ್ಷ ಬೇಕು. ಆ ಹೆಚ್ಚುವರಿ ತಿಂಗಳುಗಳ ನೀರು, ಗೊಬ್ಬರ, ಕಾವಲು ಎಲ್ಲವೂ ರೈತನ ತಲೆಯ ಮೇಲೆ. ದುಬಾರಿಯಾಯಿತೆಂದು ಗೊಣಗುವ ಮುನ್ನ ಇದು ನೆನಪಿರಲಿ.

ಊರಿನ ಹೆಸರು ಉಳಿಸಲೆಂದೇ ಈ ಬಾಳೆಗೆ ಭೌಗೋಳಿಕ ಸೂಚಕದ ನೋಂದಣಿಯಾಗಿದೆ. ನಮ್ಮ ತೊಗರಿ ಬೇಳೆಗೂ 2019ರಲ್ಲಿ ಆಯಿತು. ಊರು 2014ರಲ್ಲೇ ಕಲಬುರಗಿಯಾದರೂ ನೋಂದಣಿಯಲ್ಲಿ ಬೇಳೆ ಮಾತ್ರ ಗುಲ್ಬರ್ಗಾದ್ದೇ!

ಆದರೆ ತಳ್ಳುಗಾಡಿಯ ಮುಂದೆ ಯಾವ ಪ್ರಮಾಣಪತ್ರವೂ ಇರುವುದಿಲ್ಲ, ವ್ಯಾಪಾರಿಯ ಮಾತೇ ಸಾಕ್ಷಿ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗೆ ಒದ್ದೆಯಿದ್ದುದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನೇಕೆ ಮೇಲಿಡಲಿಲ್ಲವೆಂದು ವಿಚಾರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಬೇರೆ ಊರಿನ ಹಣ್ಣಿಗೆ ಕಮಲಾಪುರದ ಹೆಸರಿಡುವುದೂ ಒದ್ದೆಯನ್ನು ಅಡಿಗಿಟ್ಟಂತೆಯೇ. ಅದರಿಂದ ಕೊಂಡವರಿಗಷ್ಟೇ ಅಲ್ಲ, ಒಂದೂವರೆ ವರ್ಷ ಕಾದ ರೈತನಿಗೂ ನಷ್ಟ.

ಅಂದ ಹಾಗೆ, ಇಫ್ತಾರ್‌ಗೆ ತರುವುದಿದ್ದರೆ ಎರಡು ದಿನ ಮೊದಲೇ ತಂದು ಹೊರಗಿಡಿ, ಫ್ರಿಜ್ಜಿನಲ್ಲಿ ಬೇಡ. ಮೆತ್ತಗಾದ ಮೇಲೆಯೇ ಸುಲಿಯಿರಿ. ಗಟ್ಟಿಯಿರುವಾಗ ಬರೀ ಒಗರು.